ಒಂದೇ ಚೌಕಟ್ಟಿನಲ್ಲಿ

“ಏನೂ ಇಲ್ಲ,” ಎಂದಳು ಸೊಸೆ, ಪರದೆಯ ಮೇಲೆ ತಾಯಿ ಮರಿ ಎರಡೂ ನಿಚ್ಚಳವಾಗಿ ಕಾಣುತ್ತಿರುವಾಗ.

ಬೋಟಿನ ಹಿಂಭಾಗದ ಪೆಟ್ಟಿಗೆಯ ಮೇಲೆ ಕುಳಿತು, ತಲೆಯಿಂದ ಮೊಣಕಾಲಿನವರೆಗೆ ಕಪ್ಪು ಬಟ್ಟೆ ಹೊದ್ದುಕೊಂಡು ಅವಳು ಡ್ರೋನಿನ ರಿಮೋಟು ಹಿಡಿದಿದ್ದಳು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಅದಕ್ಕೇ ಬಟ್ಟೆ. ಆದರೆ ಈಚೆಗೆ ಅದಕ್ಕೆ ಇನ್ನೊಂದು ಉಪಯೋಗವೂ ಒದಗಿತ್ತು. ಒಳಗೆ ಅವಳಿಗೆ ಏನು ಕಾಣುತ್ತಿದೆ ಎಂಬುದು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಕಾಣುತ್ತಿದ್ದದ್ದು ಇದು: ಮರಳದಿಬ್ಬದ ಆಚೆ, ನೀರು ತಿಳಿಹಸಿರಾಗುವ ಕಡೆ, ಅವರ ಬೋಟಿನಷ್ಟೇ ಉದ್ದದ ತಾಯಿ ತಿಮಿಂಗಿಲ ಅಲುಗಾಡದೆ ಮಲಗಿತ್ತು. ಬೂದುಬಣ್ಣದ ಮರಿ ಅದರ ಮೂತಿಯ ಮೇಲೆ ಒರಗಿಕೊಂಡಿತ್ತು. ತಾಯಿ ಸ್ವಲ್ಪ ಮೇಲೆದ್ದರೆ ಮರಿಯೂ ಏಳುತ್ತಿತ್ತು, ಉಸಿರು ಬಿಡುತ್ತಿತ್ತು, ಮತ್ತೆ ಜಾರಿ ಪಕ್ಕೆಯ ಕೆಳಗೆ ಸೇರಿಕೊಳ್ಳುತ್ತಿತ್ತು. ಮರಿಯ ಬೆನ್ನಿನ ಮೇಲೆ ಓರೆಯಾಗಿ ಎಳೆದ ಬಿಳಿ ಗೀರುಗಳು ಇನ್ನೂ ಇದ್ದವು. ಸೊಸೆ ಮೊದಲು ನೋಡುವುದೇ ಆ ಗೀರುಗಳನ್ನು. ಇವತ್ತು ಅಂಚು ಸ್ವಲ್ಪ ಮಾಸಿದ ಹಾಗಿತ್ತು.

“ದಿಬ್ಬದ ಆಚೆ ನೋಡಿದ್ಯಾ?” ಗಂಡ ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದ.

“ನೋಡ್ದೆ ರೀ. ಬರೀ ನೀರು.”

ಬೋಟಿನಲ್ಲಿದ್ದವರ ಮುಖಗಳು ಇಳಿದವು. ಹುಲ್ಲಿನ ಟೋಪಿ ಹಾಕಿಕೊಂಡಿದ್ದ ಒಬ್ಬರು, “ಜೆಟ್ಟಿ ಹತ್ರ ಬೋರ್ಡಲ್ಲಿ ಅಷ್ಟು ದೊಡ್ಡದಾಗಿ ಹಾಕಿದ್ದೀರಲ್ಲ,” ಎಂದರು. ಗಂಡ ಮೈಕು ತೆಗೆದುಕೊಂಡು, ಇಂಥ ದಿನಗಳಿಗೆಂದು ಅವನ ತಾಯಿ ಕಲಿಸಿಕೊಟ್ಟಿದ್ದ ಮಾತನ್ನು ಒಪ್ಪಿಸಿದ: “ನೋಡಿ, ಕಡಲು ಯಾರ ಅಪ್ಪನ ಮನೆ ಆಸ್ತಿನೂ ಅಲ್ಲ, ತಿಮಿಂಗಿಲ ನಮ್ಮ ಕೊಟ್ಟಿಗೆ ಹಸುವೂ ಅಲ್ಲ.” ಯಾರೂ ನಗಲಿಲ್ಲ. ಹಿಂದೆ, ಸ್ವಲ್ಪ ದೂರದಲ್ಲಿ, ಇವರಿಗೆ ಪೈಪೋಟಿಯಾಗಿ ಬೋಟು ಬಿಡುತ್ತಿದ್ದ ಮೀಸೆಯವನ ಬೋಟೂ ಅದರ ಹಿಂದೆ ಇನ್ನೆರಡು ಬೋಟುಗಳೂ ಇವರು ಎತ್ತ ತಿರುಗುತ್ತಾರೋ ಎಂದು ಕಾಯುತ್ತಿದ್ದವು. ಡ್ರೋನ್ ಇದ್ದದ್ದು ಇವರ ಬೋಟಿನಲ್ಲಿ ಮಾತ್ರ. ಇವರ ಕಣ್ಣೇ ಎಲ್ಲರ ಕಣ್ಣು.

ಬ್ಯಾಟರಿ ಮುಗಿಯುತ್ತ ಬಂದಾಗ ಅವಳು ಡ್ರೋನನ್ನು ವಾಪಸು ಕರೆದಳು. ಗಂಡ ಎಂಜಿನ್ ತಗ್ಗಿಸಿ ಹಿಂದಕ್ಕೆ ಬಂದು, ಎರಡೂ ಕೈ ಮೇಲೆತ್ತಿ ನಿಂತ. ತೂಗಾಡುವ ಬೋಟಿನ ಮೇಲೆ ಅದನ್ನು ಇಳಿಸಲು ಆಗುವುದಿಲ್ಲ, ಗಾಳಿಯಲ್ಲೇ ಹಿಡಿಯಬೇಕು. ಅವಳು ಅವನ ಕೈಯಳತೆಗೆ ತರುತ್ತಾಳೆ, ಅವನು ಹೊಟ್ಟೆಭಾಗ ಹಿಡಿದು “ಹಿಡಿದೆ” ಅನ್ನುತ್ತಾನೆ, ಆಮೇಲಷ್ಟೇ ಅವಳು ರೆಕ್ಕೆ ನಿಲ್ಲಿಸುತ್ತಾಳೆ. ಆ ಮಾತು ಕಿವಿಗೆ ಬೀಳುವ ಮೊದಲು ನಿಲ್ಲಿಸಿದರೆ ಯಂತ್ರ ನೀರುಪಾಲು. ನಿಲ್ಲಿಸಲು ತಡಮಾಡಿದರೆ ಬೆರಳು ಹೋಗುತ್ತದೆ. ಗಂಡನ ಹೆಬ್ಬೆರಳಿನ ಬುಡದಲ್ಲಿ ಒಂದು ಹೊಲಿಗೆಯ ಗುರುತಿತ್ತು. ಅದು ಅವರ ಮೊದಲ ವರ್ಷದ್ದು, ಇಬ್ಬರಿಗೂ ಇನ್ನೂ ಲಯ ಕೂಡಿಬಂದಿರಲಿಲ್ಲ.

“ಹಿಡಿದೆ,” ಎಂದ ಗಂಡ.

ಮೊದಲ ವರ್ಷ ಕಳೆದುಕೊಂಡದ್ದು ಬರೀ ಬೆರಳಿನ ತೊಗಲಲ್ಲ. ಸೊಸೆ ಮದುವೆಮನೆಗಳಲ್ಲಿ ಡ್ರೋನ್ ಹಾರಿಸಿ ಪಳಗಿದವಳು. ಚಪ್ಪರದ ಮೇಲೆ, ಮೆರವಣಿಗೆಯ ಮೇಲೆ, ಒಮ್ಮೆ ಓಡಿಹೋಗುತ್ತಿದ್ದ ಮದುಮಗನ ಮೇಲೆ ಕೂಡ ಹಾರಿಸಿದ್ದಳು. ತವರಿನಿಂದ ಬರುವಾಗ ತಂದದ್ದು ಎರಡು ಯಂತ್ರ, ಎರಡೂ ಅವಳ ದುಡಿಮೆಯವು. ರಿಮೋಟಿನಲ್ಲಿ ಮನೆಯ ಚಿತ್ರವಿರುವ ಒಂದು ಗುಂಡಿ ಇರುತ್ತದೆ. ಒತ್ತಿದರೆ ಡ್ರೋನ್ ತಾನು ಎದ್ದ ಜಾಗಕ್ಕೆ ತಾನೇ ಮರಳಿ ಇಳಿಯುತ್ತದೆ. ನೆಲದ ಮೇಲೆ ಅದರಂಥ ಸುಖ ಬೇರೆಯಿಲ್ಲ. ಕಡಲಿಗೆ ಬಂದ ಮೊದಲ ವಾರ ಅವಳು ಅದೇ ಅಭ್ಯಾಸದಲ್ಲಿ ಗುಂಡಿ ಒತ್ತಿದಳು. ಅಷ್ಟರಲ್ಲಿ ಬೋಟು ಎಷ್ಟೋ ದೂರ ಬಂದುಬಿಟ್ಟಿತ್ತು. ಯಂತ್ರ ಮಾತ್ರ ವಿಧೇಯ ಶಿಷ್ಯನ ಹಾಗೆ ಬೋಟು ಬೆಳಿಗ್ಗೆ ಇದ್ದ ಜಾಗಕ್ಕೆ ಹೋಗಿ, ಯಾರೂ ಇಲ್ಲದ ನೀರಿನ ಮೇಲೆ ಇಳಿಯಿತು. ಅವತ್ತು ಅತ್ತೆ ಆಡಿದ ಮಾತು ಜೆಟ್ಟಿಯವರಿಗೆಲ್ಲ ಬಾಯಿಪಾಠವಾಯಿತು: “ನಮ್ಮ ಸೊಸೆ ನೊಣ ಸಾಕಿದ್ದಾಳೆ, ಅದಕ್ಕೆ ಮನೆ ಯಾವುದು ಅಂತಾನೇ ಗೊತ್ತಿಲ್ಲ.” ಉಳಿದ ಇನ್ನೊಂದು ಯಂತ್ರದ ಆ ಗುಂಡಿಯ ಮೇಲೆ ಅವಳು ಅಂದೇ ಒಂದು ತುಂಡು ಪ್ಲಾಸ್ಟರ್ ಅಂಟಿಸಿದಳು.

ಅತ್ತೆಯನ್ನು ಇಲ್ಲೇ ಸ್ವಲ್ಪ ಪರಿಚಯ ಮಾಡಿಕೊಡಬೇಕು. ತಮ್ಮ ಗಂಡ ತೀರಿಕೊಂಡಾಗ ಅವರ ಕೈಯಲ್ಲಿ ಉಳಿದದ್ದು ಒಂದು ತೂತುಬಿದ್ದ ಬೋಟು, ಒಬ್ಬ ಮಗ. ಎರಡನ್ನೂ ರಿಪೇರಿ ಮಾಡಿ ನೀರಿಗೆ ಬಿಟ್ಟವರು ಅವರು. ಜೆಟ್ಟಿಯ ಟಿಕೆಟ್ ಕಿಟಕಿಯಲ್ಲಿ ಕೂತರೆ, ಕಡಲೇ ಅವರ ಅಪ್ಪಣೆ ಕೇಳಿ ಅಲೆ ಎಬ್ಬಿಸುತ್ತದೇನೋ ಅನ್ನಿಸಬೇಕು. ಆದರೆ ಬೋಟಿಗೆ ಕಾಲಿಟ್ಟರೆ ಅವರಿಗೆ ವಾಂತಿ. ಬೋಟಿನ ಯಜಮಾನಿ ಬೋಟು ಹತ್ತದೆ ವರ್ಷಗಳಾಗಿದ್ದವು. ಈ ಮಾತನ್ನು ಅವರ ಎದುರು ಆಡುವ ಧೈರ್ಯ ಇದ್ದವರು ಯಾರೂ ಇರಲಿಲ್ಲ, ಬೆನ್ನ ಹಿಂದೆ ಆಡದವರೂ ಯಾರೂ ಇರಲಿಲ್ಲ.

ಡ್ರೋನಿನಿಂದ ವ್ಯಾಪಾರ ಮಾಡಬಹುದು ಎಂದು ಮೊದಲು ಹೊಳೆದದ್ದೂ ಅವರಿಗೇ. ಮೇಲಿನಿಂದ ಹುಡುಕುವುದು ಒಂದು. ಅದಕ್ಕಿಂತ ದೊಡ್ಡದು, ಬೋಟೂ ತಿಮಿಂಗಿಲವೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ವೀಡಿಯೋ ತೆಗೆದು, ದಡ ಸೇರುವಷ್ಟರಲ್ಲಿ ಎಲ್ಲರ ಮೊಬೈಲಿಗೆ ಕಳಿಸುವುದು. ‘ತಿಮಿಂಗಿಲದ ಪಕ್ಕದಲ್ಲಿ ನೀವು’ ಎಂದು ಬೋರ್ಡು ಬರೆಸಿದರು. ಜನ ತಿಮಿಂಗಿಲ ನೋಡಲು ಬರುತ್ತಾರೆ ಎಂದು ಸೊಸೆ ಅಂದುಕೊಂಡಿದ್ದಳು. ಅತ್ತೆ ಅವಳಿಗಿಂತ ಲೋಕ ಕಂಡವರು. ಜನ ಬರುವುದು ತಿಮಿಂಗಿಲದ ಜೊತೆ ತಮ್ಮನ್ನು ತಾವು ನೋಡಿಕೊಳ್ಳಲು ಎಂದು ಅವರಿಗೆ ಗೊತ್ತಿತ್ತು.

ಒಂದೇ ಚೌಕಟ್ಟಿನಲ್ಲಿ ಬರಬೇಕು ಅಂದರೆ ಬೋಟು ಹತ್ತಿರ ಹೋಗಬೇಕು. ಎಷ್ಟು ಹತ್ತಿರ ಎಂದು ಹೇಳುವವಳು ಸೊಸೆ, ಹೋಗುವವನು ಗಂಡ. ಮರಿಗೆ ಆ ಗೀರುಗಳು ಬಿದ್ದ ದಿನವೂ ಬಟ್ಟೆಯ ಒಳಗಿಂದ ಅವಳೇ ಹೇಳುತ್ತಿದ್ದಳು: ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಹಾಂ, ಇನ್ನೂ ಹತ್ತಿರ. ಆ ಕಡೆಯಿಂದ ಮೀಸೆಯವನ ಬೋಟೂ ನುಗ್ಗಿತು. ತಾಯಿ ಎರಡು ಬೋಟುಗಳ ನಡುವೆ ಮಗ್ಗುಲಾಗಿ, ಮರಿಯನ್ನು ತನ್ನ ಇನ್ನೊಂದು ಪಕ್ಕಕ್ಕೆ ತಳ್ಳಿತು. ಆ ಇನ್ನೊಂದು ಪಕ್ಕದಲ್ಲಿ ಇವರ ಪ್ರೊಪೆಲ್ಲರ್ ಇತ್ತು. ಬೋಟಿನಲ್ಲಿದ್ದವರಿಗೆ ಗೊತ್ತಾಗಲಿಲ್ಲ. ಅವರಿಗೆ ಒಂದು ಸಣ್ಣ ಕುಲುಕು, ಅಷ್ಟೇ. ಚೌಕಟ್ಟು ಚೆನ್ನಾಗಿ ಬಂದಿತ್ತು. ಹಸಿರು ನೀರಿನಲ್ಲಿ ಕೆಂಪು ಹರಡುವುದು ಮಾತ್ರ ಮೇಲಿನಿಂದ ನೋಡುತ್ತಿದ್ದವಳಿಗೆ ಕಂಡಿತು.

ಅವಳು ಏನನ್ನೂ ಮುಚ್ಚಿಡಲಿಲ್ಲ. ಅವತ್ತೇ ಊಟದ ಮೇಜಿನ ಮೇಲೆ ಪರದೆ ಇಟ್ಟು ಅತ್ತೆಗೆ ತೋರಿಸಿದಳು.

“ನಮ್ಮ ಬೋಟೇ ಅತ್ತೆ. ಮರಿ ಇನ್ನೂ ಹಾಲು ಕುಡಿಯೋದು. ಗಾಳಿ ತಿರುಗಿದ ಮೇಲೆ ಅವು ಹೊರಟುಹೋಗ್ತವೆ. ಅಲ್ಲಿವರೆಗೆ ಈ ಎರಡನ್ನ ಬಿಟ್ಟುಬಿಡೋಣ. ಬೇರೆ ಏನಾದ್ರೂ ತೋರಿಸೋಣ, ಆಮೆ ಇವೆ, ಡಾಲ್ಫಿನ್ ಇವೆ.”

ಅತ್ತೆ ಕನ್ನಡಕ ಏರಿಸಿ ನೋಡಿದರು, ಇಳಿಸಿದರು. “ಆಮೆ ಪಕ್ಕದಲ್ಲಿ ನೀವು ಅಂತ ಬೋರ್ಡ್ ಹಾಕಿಸ್ಲಾ? ಸಮುದ್ರದ ಉಪ್ಪು ಎಂಥಾ ಗಾಯನಾದ್ರೂ ಮಾಯಿಸುತ್ತೆ ಕಣೇ. ಊಟ ಮಾಡು.”

“ಮೀಸೆಯವರೂ ನಮ್ಮ ಹಿಂದೇನೇ ಬರೋದು. ನಾವು ಹೋಗದಿದ್ರೆ ಯಾರೂ ಹೋಗಲ್ಲ.”

“ಹಾಗಂದ್ಕೊಂಡು ನಾವು ಕೈಕಟ್ಟಿ ಕೂತ್ಕೊಳೋದಾ? ನಿನ್ನ ಗಂಡನ್ನೇ ಕೇಳು.”

ಗಂಡ ಅನ್ನ ಕಲಸುತ್ತಲೇ ಇದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಹುಟ್ಟುಗುಣ. ತಾಯಿಗೂ ಹೆಂಡತಿಗೂ ನಡುವೆ ಕೂತು ಉಣ್ಣುವವನಿಗೆ ಬೇರೆ ಗುಣ ಬಂದರೂ ಉಳಿಯುವುದಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಬೋಟು ತೊಳೆಯುವಾಗ ಅವನು ಪ್ರೊಪೆಲ್ಲರನ್ನು ಉಜ್ಜಿ ಉಜ್ಜಿ ತಿಕ್ಕುತ್ತಿದ್ದುದನ್ನು ಅವಳು ನೋಡಿದಳು. ಅಲ್ಲಿ ತಿಕ್ಕಲು ಏನೂ ಇರಲಿಲ್ಲ.

ಅಂದಿನಿಂದ ಶುರುವಾದದ್ದು ಈ ‘ಏನೂ ಇಲ್ಲ’. ಕೇಳಿ ಆಯಿತು, ಕೊಡಲಿಲ್ಲ. ಇನ್ನು ಕೇಳುವುದು ಯಾಕೆ ಎಂದು ಅವಳು ತೀರ್ಮಾನಿಸಿದಳು. ಮರಿಯ ಜೊತೆಗಿರುವ ತಾಯಿ ನೀರು ಚಿಮ್ಮಿಸಿ ಸದ್ದು ಮಾಡುವುದಿಲ್ಲ, ಕದ್ದು ಉಸಿರಾಡುತ್ತದೆ. ಬೋಟಿನ ಮಟ್ಟದಿಂದ ನೋಡುವವರಿಗೆ ಬಿಸಿಲಿನ ಝಳವಷ್ಟೇ ಕಾಣುವುದು. ಮೇಲಿನಿಂದ ನೋಡುವವಳು ಬಾಯಿಬಿಡದಿದ್ದರೆ ಅಲ್ಲಿ ಏನೂ ಇಲ್ಲ. ಅವಳು ಬಾಯಿಬಿಡಲಿಲ್ಲ.

ಅವಳನ್ನು ಹಿಡಿದುಕೊಟ್ಟದ್ದು ಬ್ಯಾಟರಿ.

ಬ್ಯಾಟರಿಗಳನ್ನು ಚಾರ್ಜಿಗೆ ಹಾಕುವುದು ಟಿಕೆಟ್ ಕೋಣೆಯಲ್ಲಿ, ಅತ್ತೆಯ ಕುರ್ಚಿಯ ಪಕ್ಕದ ಪ್ಲಗ್ಗಿನಲ್ಲಿ. ಹಾಕುವವರೂ ತೆಗೆಯುವವರೂ ಅತ್ತೆಯೇ, ಯಾಕೆಂದರೆ ಕರೆಂಟಿನ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೊಸೆ ಒದ್ದೆ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದಾಗ ಅತ್ತೆ ಮೂರೂ ಬ್ಯಾಟರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದರು.

“ಇವತ್ತೂ ಏನೂ ಸಿಗ್ಲಿಲ್ವಂತೆ.”

“ಇಲ್ಲ ಅತ್ತೆ.”

“ಮೂರೂ ಖಾಲಿ.” ಅತ್ತೆ ಒಂದನ್ನು ಎತ್ತಿ ಮಿಣುಕುವ ಕೆಂಪು ದೀಪ ತೋರಿಸಿದರು. “ಮೊದಲೆಲ್ಲ ಏನೂ ಸಿಗದ ದಿನ ನೀನು ಒಂದರಲ್ಲೇ ಮುಗಿಸ್ತಿದ್ದೆ. ಸುಮ್ನೆ ಯಾಕೆ ಹಾಳು ಮಾಡೋದು ಅಂತ ಇಳಿಸಿಬಿಡ್ತಿದ್ದೆ. ಈಗ ಏನೂ ಇಲ್ಲದ ನೀರನ್ನ ದಿನಾ ಬ್ಯಾಟರಿ ಸಾಯೋವರೆಗೂ ನೋಡ್ತೀಯಲ್ಲ, ಏನಿದೆಯೇ ಆ ನೀರಲ್ಲಿ?”

ಸುಳ್ಳನ್ನು ಸೊಸೆ ಚೆನ್ನಾಗಿಯೇ ನಿಭಾಯಿಸಿದ್ದಳು. ನಿಭಾಯಿಸಲಾಗದೆ ಹೋದದ್ದು ಕಣ್ಣನ್ನು. ಒಮ್ಮೆ ಕಂಡ ಮೇಲೆ ಡ್ರೋನನ್ನು ಬೇರೆ ಕಡೆ ತಿರುಗಿಸಬೇಕಿತ್ತು. ಆದರೆ ಮರಿ ಹಾಲು ಕುಡಿಯಿತೇ, ಗೀರುಗಳು ಮಾಸಿದವೇ, ಬಾಲ ಸರಿಯಾಗಿ ಬೀಸುತ್ತಿದೆಯೇ ಎಂದು ಅವಳು ಅದನ್ನು ಅಷ್ಟು ಎತ್ತರದಲ್ಲೇ ನಿಲ್ಲಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತ ಕೂತಿರುತ್ತಿದ್ದಳು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗಾಗಿತ್ತು ಅವಳ ಕಥೆ.

“ನಾಳೆ ನಾನೂ ಬರ್ತೀನಿ,” ಎಂದರು ಅತ್ತೆ.

“ನಿಮಗೆ ಬೋಟು ಆಗಲ್ವಲ್ಲ ಅತ್ತೆ.”

“ಆಗಲ್ಲ. ಆದ್ರೂ ಬರ್ತೀನಿ.”

ಬೆಳಿಗ್ಗೆ ಜೆಟ್ಟಿಯಲ್ಲಿ ಗಂಡ ಹಗ್ಗ ಸುತ್ತುತ್ತಿದ್ದ. ಸೊಸೆ ಡ್ರೋನಿನ ರೆಕ್ಕೆಗಳನ್ನು ಒಂದೊಂದಾಗಿ ಒರೆಸಿ ಸಿಕ್ಕಿಸುತ್ತಿದ್ದಳು. ಜನ ಇನ್ನೂ ಬಂದಿರಲಿಲ್ಲ.

“ಇವತ್ತು ಸುಳ್ಳು ನಡೆಯಲ್ಲ,” ಎಂದ ಗಂಡ, ಹಗ್ಗ ನೋಡಿಕೊಂಡೇ.

ಅವಳು ಕೈ ನಿಲ್ಲಿಸಿದಳು. “ನಾನು ಸುಳ್ಳು ಹೇಳ್ತಿದ್ದದ್ದು ನಿಮಗೆ ಗೊತ್ತಿತ್ತಾ?”

“ಮೊದಲ ದಿನದಿಂದ. ಸುಳ್ಳು ಹೇಳೋವಾಗ ನಿನ್ನ ಬಟ್ಟೆ ಒಳಗಿಂದ ಮೂಗು ಎಳೆಯೋ ಸದ್ದು ಬರುತ್ತೆ.”

“ಮತ್ತೆ ಅಮ್ಮನಿಗೆ ಯಾಕೆ ಹೇಳ್ಲಿಲ್ಲ?”

ಅವನು ಹಗ್ಗದ ಸುತ್ತನ್ನು ಕಂಬಕ್ಕೆ ನೇತುಹಾಕಿದ. “ಅಮ್ಮ ಕೇಳ್ಲಿಲ್ಲ,” ಎಂದ. “ನೀನೂ ಕೇಳ್ಲಿಲ್ಲ,” ಎಂದು ಬೋಟಿನೊಳಕ್ಕೆ ಹಾರಿದ.

ಅವಳಿಗೆ ಸಿಟ್ಟು ಬಂತು. ಗೊತ್ತಿದ್ದೂ ಸುಮ್ಮನಿರುವುದು ಉಪಕಾರವೋ ಹೇಡಿತನವೋ ಎಂದು ಕೂಗಿ ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅತ್ತೆ ಬರುತ್ತಿದ್ದರು. ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಕೈಯಲ್ಲಿ ಅರ್ಧ ಹೋಳು ನಿಂಬೆಹಣ್ಣು, ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಯುದ್ಧಕ್ಕೆ ಹೊರಟವರ ಹಾಗೆ ಹಲಗೆಯ ಮೇಲೆ ಕಾಲಿಟ್ಟರು. ಟಿಕೆಟ್ ಕೊಂಡು ಬಂದ ಜನ ದಾರಿ ಬಿಟ್ಟುಕೊಟ್ಟರು.

ಮರಳದಿಬ್ಬ ಇನ್ನೂ ದೂರವಿರುವಾಗಲೇ ಸೊಸೆ ಡ್ರೋನ್ ಎಬ್ಬಿಸಿದಳು. ಅತ್ತೆ ಪಕ್ಕದಲ್ಲಿ ಕುಳಿತು, ಏನನ್ನೂ ಕೇಳದೆ ಕಪ್ಪು ಬಟ್ಟೆಯ ಅಂಚು ಎತ್ತಿ ತಾವೂ ಒಳಗೆ ತಲೆ ತೂರಿಸಿದರು. ಅತ್ತೆ ಸೊಸೆ ಒಂದೇ ಮುಸುಕಿನಲ್ಲಿ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು. ನಿಂಬೆಹಣ್ಣಿನ ವಾಸನೆ, ಅತ್ತೆಯ ತಲೆಯೆಣ್ಣೆಯ ವಾಸನೆ, ಕೆಳಗಿಂದ ಡೀಸೆಲಿನ ವಾಸನೆ. ಬೋಟು ಮುಂದೆ ಸಾಗುತ್ತಲೇ ಇತ್ತು.

ಅವಳು ಬೇಕೆಂದೇ ಎಲ್ಲೆಲ್ಲೋ ಸುತ್ತಿಸಿದಳು. ಬಂಡೆಗಳ ಕಡೆ, ಆಳ ನೀರಿನ ಕಡೆ, ಮತ್ತೆ ಬಂಡೆಗಳ ಕಡೆ. ಅತ್ತೆ ನಿಂಬೆಹಣ್ಣು ಮೂಸುತ್ತ ಎಲ್ಲ ನೋಡಿದರು.

“ಊರು ತೋರಿಸಿದ್ದು ಸಾಕು. ದಿಬ್ಬದ ಆಚೆ ಹೋಗು.”

ಹೋಗಲೇಬೇಕಾಯಿತು. ಕಂದು, ನೀಲಿ, ಆಮೇಲೆ ತಿಳಿಹಸಿರು. ಅವು ಅಲ್ಲಿಯೇ ಇದ್ದವು. ಹೊರಟುಹೋಗಿರಲಿ ಎಂದು ಅವಳು ಬೆಳಿಗ್ಗೆಯಿಂದ ಬೇಡಿಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗಿತ್ತು. ತಾಯಿ ಮಗ್ಗುಲು ಮಲಗಿತ್ತು. ಮರಿ ಅದರ ಹೊಟ್ಟೆಯ ಕಡೆ ಮೂತಿಯಿಟ್ಟಿತ್ತು. ಸುತ್ತ ನೀರಿನಲ್ಲಿ ಬಿಳಿಯದೊಂದು ಮೋಡ ತೇಲುತ್ತಿತ್ತು.

ಅತ್ತೆ ಪರದೆಗೆ ಬಾಗಿದರು. “ಅದೇನೇ ಬೆಳ್ಳಗೆ?”

“ಹಾಲು.”

“ಹಾಲಾ?”

“ಚೆಲ್ಲುತ್ತೆ. ಅದಕ್ಕಿನ್ನೂ ಸರಿಯಾಗಿ ಕುಡಿಯೋಕೆ ಬರಲ್ಲ.”

ಅತ್ತೆ ಪರದೆಗೆ ಇನ್ನಷ್ಟು ಬಾಗಿದರು. “ನಿನ್ನ ಗಂಡನೂ ಹೀಗೇ,” ಎಂದರು ಮೆಲ್ಲಗೆ. “ಕುಡಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.” ಆ ಒಂದು ಗಳಿಗೆ ಸೊಸೆಗೆ ಆಸೆ ಹುಟ್ಟಿತು. ತೋರುಬೆರಳಿಟ್ಟು ಗೀರುಗಳನ್ನು ತೋರಿಸಿದಳು. ಅತ್ತೆ ಅವನ್ನೂ ನೋಡಿದರು. ನೋಡಿ, ಮುಸುಕಿನಿಂದ ತಲೆ ಹೊರಗೆಳೆದು, ಬಾಯಿಗೆ ನಿಂಬೆಹಣ್ಣು ಒತ್ತಿಕೊಂಡು, ಬೋಟಿನ ತುಂಬ ಕೂತಿದ್ದ ಜನರ ಕಡೆ ತಿರುಗಿದರು. ಅಷ್ಟೂ ಮುಖಗಳು ಇವರನ್ನೇ ನೋಡುತ್ತಿದ್ದವು.

“ಸಿಕ್ತು,” ಎಂದರು. “ತಾಯಿ ಮರಿ ಎರಡೂ ಇವೆ. ಎಲ್ಲರೂ ಮೊಬೈಲ್ ರೆಡಿ ಮಾಡ್ಕೊಳ್ಳಿ.”

ಜನ ಚಪ್ಪಾಳೆ ತಟ್ಟಿದರು. ಗಂಡ ಹಿಂತಿರುಗಿ ನೋಡಿದ. ಅತ್ತೆ ಕೈ ಎತ್ತಿ ದಿಕ್ಕು ತೋರಿಸಲು ಹೋಗಿ, ಅರ್ಧದಲ್ಲೇ ನಿಂತರು. ಪರದೆಯ ಮೇಲೆ ಅಷ್ಟು ಚೆನ್ನಾಗಿ ಕಂಡದ್ದು ಕಡಲಿನ ಮೇಲೆ ಎಲ್ಲಿದೆ? ಎಡಕ್ಕೂ ಬಿಸಿಲು, ಬಲಕ್ಕೂ ಬಿಸಿಲು. ಪರದೆಯನ್ನು ಎಡಬಲವಾಗಿ ಬಿಡಿಸಿ ಹೇಳಬಲ್ಲವಳು ಒಬ್ಬಳೇ.

“ಯಾವ ಕಡೆಯೇ?”

ಸೊಸೆ ಮುಸುಕು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. “ಹೇಳಲ್ಲ ಅತ್ತೆ.”

“ಏನಂದೆ?”

“ಹೇಳಲ್ಲ ಅಂದೆ. ಇಲ್ಲ ಅಂತ ಇಷ್ಟು ದಿನ ಹೇಳ್ದೆ. ಈಗ ಇದೆ, ಆದ್ರೆ ಹೇಳಲ್ಲ.”

ಮುಂದಿನ ಸಾಲಿನವರ ಚಪ್ಪಾಳೆ ನಿಂತಿತು. ಮನೆಯ ಜಗಳ ನೋಡುವುದೂ ಟಿಕೆಟ್ಟಿನಲ್ಲೇ ಸೇರಿದೆಯೇನೋ ಎಂಬಂತೆ ಎಲ್ಲರೂ ಇತ್ತ ತಿರುಗಿ ಕೂತರು. ಅತ್ತೆಯ ಮುಖ ವಾಕರಿಕೆಗೂ ಸಿಟ್ಟಿಗೂ ನಡುವೆ ಬೆಳ್ಳಗಾಗಿತ್ತು. ಆದರೂ ದನಿ ಏರಿಸಲಿಲ್ಲ. ದನಿ ಏರಿಸದೆ ಮಾತಾಡಿದಾಗಲೇ ಅವರಿಗೆ ಹೆಚ್ಚು ಹೆದರಬೇಕು.

“ನೋಡು, ಈ ಬೋಟಲ್ಲಿ ಕೂತು ಈ ಬೋಟಿಗೇ ಕನ್ನ ಹಾಕ್ಬೇಡ. ನೀನು ಹೇಳದಿದ್ರೆ ಹೇಳೋರು ಬೇರೆ ಸಿಗ್ತಾರೆ. ಈ ನೊಣ ಹಾರಿಸೋದು ಬ್ರಹ್ಮವಿದ್ಯೆ ಏನಲ್ಲ. ನಾಳೆಯಿಂದ ಬೇರೆಯವರನ್ನ ಇಡ್ತೀನಿ. ಅವರು ನೋಡ್ತಾರೆ, ಅವರು ಹೇಳ್ತಾರೆ. ನೀನು ಮನೇಲಿರು.”

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಂತ್ರ ಇರುವವರೆಗೆ ಹಾರಿಸುವವರಿಗೆ ಬರವಿಲ್ಲ. ಸೊಸೆ ರಿಮೋಟು ನೋಡಿದಳು. ತಾಯಿ ಮರಿಯನ್ನು ಪಕ್ಕೆಯ ಕೆಳಗೆ ಎಳೆದುಕೊಂಡು ಮೆಲ್ಲಗೆ ಸುತ್ತು ತಿರುಗುತ್ತಿತ್ತು. ಗಾಳಿ ತಿರುಗಲು ಇನ್ನೂ ಕೆಲವು ವಾರಗಳು ಬೇಕು. ಹೊಸ ಯಂತ್ರ ತರಿಸಿ, ಅದನ್ನು ಕಡಲಿಗೆ ಪಳಗಿಸಲೂ ಅಷ್ಟೇ ದಿನ ಹಿಡಿಯುತ್ತದೆ. ಉಗುರಿನಿಂದ ಅವಳು ಪ್ಲಾಸ್ಟರಿನ ತುಂಡನ್ನು ಕೆರೆದು ಕಿತ್ತಳು. ಅಂಟು ಹಳತಾಗಿತ್ತು, ಸುಲಭವಾಗಿ ಬಂತು.

“ಯಂತ್ರ ನನ್ನದು ಅತ್ತೆ,” ಎಂದಳು. “ತವರಿನಿಂದ ತಂದದ್ದು.” ಗುಂಡಿ ಒತ್ತಿದಳು.

ಪರದೆಯ ಮೇಲೆ ತಿಳಿಹಸಿರು ಜಾರಿತು, ತಾಯಿ ಮರಿ ಅಂಚಿಗೆ ಸರಿದು ಮರೆಯಾದವು. ದಿಬ್ಬ ಹೋಯಿತು, ನೀಲಿ ಬಂತು. ಏನಾಗುತ್ತಿದೆ ಎಂದು ಎಲ್ಲರಿಗಿಂತ ಮೊದಲು ತಿಳಿದದ್ದು ಗಂಡನಿಗೆ. ಬೋಟಿನ ತಲೆಯ ಮೇಲೆ, ಬಹಳ ಎತ್ತರದಲ್ಲಿ, ಅದು ಹಿಂದಕ್ಕೆ, ಅವರು ಬಂದ ದಾರಿಯಲ್ಲೇ ಹಾರಿಹೋಯಿತು.

“ಎಲ್ಲಿಗೆ ಹೋಗ್ತಿದೆ ಅದು?” ಎಂದರು ಅತ್ತೆ.

“ಎದ್ದ ಜಾಗಕ್ಕೆ.”

ಅತ್ತೆಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲನೆಯದು ಹೋದದ್ದು ಹೇಗೆಂದು ಜೆಟ್ಟಿಗೆಲ್ಲ ಹೇಳಿ ನಗಿಸಿದವರು ಅವರೇ. “ತಿರುಗಿಸೋ!” ಎಂದು ಮಗನಿಗೆ ಕೂಗಿದರು. “ತಿಮಿಂಗಿಲ ಆಮೇಲೆ ನೋಡೋಣ, ಮೊದಲು ಅದನ್ನ ಹಿಡಿ!” ಬೋಟು ದಿಬ್ಬಕ್ಕೆ ಬೆನ್ನುಹಾಕಿ, ಕುಳಿತವರೆಲ್ಲ ಒಂದು ಕಡೆಗೆ ವಾಲುವ ಹಾಗೆ ತಿರುಗಿತು. ಮೀಸೆಯವನೂ ಅವನ ಹಿಂಬಾಲಕರೂ, ಇವರಿಗೆ ಏನೋ ಸಿಕ್ಕಿರಬೇಕು ಎಂದುಕೊಂಡು ಅದೇ ಕಡೆ ತಿರುಗಿಸಿಕೊಂಡು ಭರ್ರನೆ ಬಂದರು. ಸಿಟ್ಟಿನ ನಡುವೆಯೂ ಸೊಸೆಗೆ ನಗು ಬಂತು. ಕಡಲಿನ ಅಷ್ಟೂ ಎಂಜಿನ್‌ಗಳು ಈಗ ಆ ಮರಿಯಿಂದ ದೂರ ಓಡುತ್ತಿದ್ದವು.

ಅವರು ಮುಟ್ಟುವಷ್ಟರಲ್ಲಿ ಡ್ರೋನ್ ತನ್ನ ಜಾಗ ಹುಡುಕಿಕೊಂಡು ಕೆಳಗಿಳಿಯುತ್ತಿತ್ತು. ಅಲೆಗಳಿಂದ ಒಂದಾಳು ಎತ್ತರದಲ್ಲಿ ತಡೆದು ನಿಂತಿತು. ಪರದೆಯ ಮೇಲೆ ಪ್ರಶ್ನೆ ಮೂಡಿತು: ಇಳಿಯಲು ಈ ಜಾಗ ಸರಿಯಿಲ್ಲ. ಆದರೂ ಇಳಿಯಬೇಕೆ?

ಗಂಡ ಎಂಜಿನ್ ತಗ್ಗಿಸಿ ಹಿಂದಕ್ಕೆ ಓಡಿಬಂದ. ಬೋಟು ತನ್ನ ಓಟದಲ್ಲೇ ತೇಲಿಕೊಂಡು ಯಂತ್ರದ ಹತ್ತಿರ ಹತ್ತಿರ ಹೋಗುತ್ತಿತ್ತು. ಅವನು ಕಂಬಿಗೆ ಮೊಣಕಾಲು ಒತ್ತಿ, ಎರಡೂ ಕೈ ಮೇಲೆತ್ತಿದ. ಹೆಬ್ಬೆರಳಿನ ಹೊಲಿಗೆಯ ಗುರುತು ಬಿಸಿಲಿಗೆ ಬೆಳ್ಳಗೆ ಕಂಡಿತು.

“ಹಿಡಿಯೋ, ಹಿಡಿ,” ಎಂದರು ಅತ್ತೆ, ಕಂಬಿಗೆ ಜೋತುಬಿದ್ದು.

“ಬೇಡ ರೀ,” ಎಂದಳು ಸೊಸೆ. “ಹಿಡಿದ್ರೆ ಮಧ್ಯಾಹ್ನ ಮತ್ತೆ ಹಾರಿಸ್ತಾರೆ.”

ಅವನು ಮೇಲೆ ನೋಡಿದ. ಯಂತ್ರ ಅವನ ಬೆರಳುಗಳಿಂದ ಇನ್ನೇನು ಒಂದು ಗೇಣಿನಲ್ಲಿತ್ತು. ರೆಕ್ಕೆಗಳ ಗಾಳಿಗೆ ಅವನ ಅಂಗಿಯ ತೋಳು ಪಟಪಟ ಹೊಡೆದುಕೊಳ್ಳುತ್ತಿತ್ತು. ಅವನು ಹೆಂಡತಿಯ ಕಡೆ ತಿರುಗಿದ. ಅಷ್ಟು ದಿನ ಅವನು ಸ್ಟಿಯರಿಂಗಿಗೆ, ಹಗ್ಗಕ್ಕೆ, ತಟ್ಟೆಗೆ ಕಣ್ಣು ನೆಟ್ಟೇ ಮಾತಾಡಿದ್ದ. ಈಗ ನೇರ ಅವಳನ್ನು ನೋಡಿದ. ಆಮೇಲೆ ಒಂದು ಕೈ ಇಳಿಸಿದ, ಇನ್ನೊಂದನ್ನೂ ಇಳಿಸಿದ. ಇಳಿಸಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

‘ಹೌದು’ ಎಂದು ಒತ್ತಿದಳು ಸೊಸೆ.

ಯಂತ್ರ ನೆಲದ ಮೇಲೆ ಇಳಿಯುವಷ್ಟೇ ಹುಷಾರಾಗಿ ನೀರಿನ ಮೇಲೆ ಇಳಿಯಿತು. ರೆಕ್ಕೆಗಳು ಸ್ವಲ್ಪ ಹೊತ್ತು ನೊರೆಯೆಬ್ಬಿಸಿದವು. ಒಂದು ಅಲೆ ಬಂತು, ಅದನ್ನು ವಾಲಿಸಿತು. ಇನ್ನೊಂದು ಬಂದಾಗ ಅಲ್ಲಿ ಏನೂ ಇರಲಿಲ್ಲ.

ಅತ್ತೆ ಕಂಬಿಯಾಚೆ ಬಾಗಿ, ಬೆಳಿಗ್ಗೆಯಿಂದ ತಡೆದುಕೊಂಡದ್ದನ್ನೆಲ್ಲ ಕಡಲಿಗೆ ಒಪ್ಪಿಸಿದರು. ಸೊಸೆ ಹೋಗಿ ಅವರ ಬೆನ್ನು ಹಿಡಿದುಕೊಂಡಳು. ಅತ್ತೆ ಕೊಸರಿಕೊಳ್ಳಲಿಲ್ಲ, ಅದಕ್ಕೂ ಶಕ್ತಿ ಬೇಕು. ಕೊನೆಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ಪೆಟ್ಟಿಗೆಯ ಮೇಲೆ ಕುಸಿದು ಕೂತರು.

“ನಾಳೆಯಿಂದ ಟಿಕೆಟ್ ಕಿಟಕೀಲಿ ನೀನು ಕೂರ್ತೀಯ,” ಎಂದರು. “ಇವತ್ತು ಬಂದೋರು ನಾಳೆ ನಾಲ್ಕು ಜನಕ್ಕೆ ಹೇಳ್ತಾರೆ. ಆ ನಾಲ್ಕು ಜನರ ಬೈಗುಳ ನೀನೇ ತಿನ್ನು.”

“ಕೂರ್ತೀನಿ.”

“ತಿಮಿಂಗಿಲ ಇದ್ಯಾ ಅಂತ ಕೇಳಿದ್ರೆ ಏನಂತೀಯ?”

“ಏನೂ ಇಲ್ಲ ಅಂತೀನಿ.”

ಅತ್ತೆ ಅವಳನ್ನು ದಿಟ್ಟಿಸಿ ನೋಡಿದರು. ಬೈಯಲು ಬಾಯಿ ತೆರೆದವರು, ಹೊಟ್ಟೆ ಮತ್ತೆ ತೊಳಸಿದ್ದರಿಂದಲೋ ಏನೋ, ನಿಂಬೆಹಣ್ಣಿಗಾಗಿ ಸುತ್ತ ತಡಕಾಡಿದರು. ಅದು ಎಲ್ಲೋ ಉರುಳಿಹೋಗಿತ್ತು. ಸೊಸೆ ಬಾಗಿ, ಪೆಟ್ಟಿಗೆಯ ಸಂದಿಯಿಂದ ಅದನ್ನು ಎತ್ತಿ, ಅಂಗಿಗೆ ಒರೆಸಿ ಕೊಟ್ಟಳು. ಗಂಡ ಹೋಗಿ ಎಂಜಿನ್ ಏರಿಸಿದ. ಯಾರನ್ನೂ ಕೇಳದೆ ಬೋಟಿನ ಮೂತಿಯನ್ನು ಜೆಟ್ಟಿಯ ಕಡೆಗೆ ತಿರುಗಿಸಿದ.

ಸೊಸೆ ಮತ್ತೆ ಕುಳಿತು ರಿಮೋಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಪರದೆ ಆರಿರಲಿಲ್ಲ. ನೀರು ಮುಟ್ಟುವ ಮುನ್ನ ಯಂತ್ರ ಕಳಿಸಿದ ಕೊನೆಯ ಚಿತ್ರ ಅದರ ಮೇಲೆ ಹಾಗೇ ಹೆಪ್ಪುಗಟ್ಟಿತ್ತು. ಬಿಸಿಲಿನಲ್ಲಿ ಸರಿಯಾಗಿ ಕಾಣದೆ ಅವಳು ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು ನೋಡಿದಳು. ಓರೆಯಾದ ನೀರಿನ ಗೆರೆ, ಮೊಬೈಲು ಎತ್ತಿ ಹಿಡಿದ ಜನ, ಕಂಬಿಗೆ ಜೋತುಬಿದ್ದ ಅತ್ತೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ ಗಂಡ. ಚೌಕಟ್ಟಿನ ತುಂಬ ಬೋಟು ಒಂದೇ ಇತ್ತು.